ಕ್ಲುಂಗ್‌ಕುಂಗಿನ ನ್ಯಾಯಮಂಟಪ

ಬಾಲಿದ್ವೀಪಕ್ಕೆ ವಿಹಾರಾರ್ಥವಾಗಿ ಹೋದವರು ಕಡಲತೀರವನ್ನೂ ನೃತ್ಯವನ್ನೂ ಕಂಡು ತೃಪ್ತರಾಗುವುದುಂಟು. ಒಂದು ದಿನವನ್ನು ಕ್ಲುಂಗ್‌ಕುಂಗ್ ಪಟ್ಟಣಕ್ಕೆ ಮೀಸಲಿಟ್ಟರೆ ಅದು ವ್ಯರ್ಥವಾಗದೆಂದು ಶ್ರೋತೃಗಳಲ್ಲಿ ವಿಜ್ಞಾಪಿಸುತ್ತೇನೆ. ಅಲ್ಲಿ ಕರ್ತಗೋಸವೆಂಬ ತೆರೆದ ಮಂಟಪವೊಂದಿದೆ. ಹಿಂದೆ ಇದು ಆ ರಾಜ್ಯದ ನ್ಯಾಯಸ್ಥಾನವಾಗಿದ್ದಿತು. ತಲೆಯೆತ್ತಿದರೆ ಚಾವಣಿಯ ತುಂಬ ಭೀಮನ ಕಥೆ. ನಮ್ಮ ರನ್ನನ ಭೀಮನು ಗದೆಯಿಂದ ಹಗೆತೀರಿಸಿದವನು. ಈ ಭೀಮನಾದರೋ ಪಾಂಡುವನ್ನೂ ಮಾದ್ರಿಯನ್ನೂ ನರಕದಿಂದ ಬಿಡಿಸಲು ಹೊರಟವನು. ದಾರಿಯುದ್ದಕ್ಕೂ ಪಾಪಿಗಳ ಯಾತನೆ; ಮೇಲೇರಿದಂತೆ ಸ್ವರ್ಗ. ವಿಚಾರಣೆಗೆ ಬಂದ ಅಪರಾಧಿಯ ಕಣ್ಣಿಗೆ ಬೀಳುತ್ತಿದ್ದ ದೃಶ್ಯವಿದು! ಈಗಿರುವುವು ಮೂಲಚಿತ್ರಗಳಲ್ಲ, ಕಾಮಸಾನ್ ಗ್ರಾಮದ ಪರಂಪರೆಯಲ್ಲಿ 20ನೆಯ ಶತಮಾನದಲ್ಲಿ ಮತ್ತೆ ಬರೆದವು.

ಸಮೀಪದಲ್ಲಿಯೇ ಕೆಂಪಿಟ್ಟಿಗೆಯ ಮಹಾದ್ವಾರವೊಂದು ನಿಂತಿದೆ. ಅದರ ಹಿಂದೆ ಅರಮನೆಯಿಲ್ಲ. 1908ರ ಏಪ್ರಿಲ್ 28ರಂದು ಡಚ್ಚರ ಸೇನೆಯು ಮುತ್ತಿದಾಗ ದೊರೆ ದೇವ ಅಗುಂಗ್ ಜಂಬೆಯು ಶರಣಾಗಲೊಲ್ಲದೆ ಪರಿವಾರಸಮೇತನಾಗಿ ಹೊರಬಂದು ಗುಂಡಿಗೆ ಎದೆಯೊಡ್ಡಿದನು. ಇದಕ್ಕೆ ಬಾಲಿಯ ಜನರು ‘ಪುಪುತಾನ್’ ಎನ್ನುವರು. 1906ರಲ್ಲಿ ಬಾದುಂಗಿನಲ್ಲಿಯೂ ಹೀಗೆಯೇ ನಡೆದಿದ್ದಿತು. ಕ್ಲುಂಗ್‌ಕುಂಗ್ ಬಿದ್ದೊಡನೆ ದ್ವೀಪವೆಲ್ಲವೂ ಡಚ್ಚರ ವಶವಾಯಿತು. ಅರಮನೆಯಲ್ಲಿ ಉಳಿದುದು ಈ ದ್ವಾರ, ಕೊಳದ ನಡುವಣ ಒಂದು ಮಂಟಪ, ಮತ್ತು ಭೀಮನು ನರಕಕ್ಕಿಳಿಯುವ ಈ ನ್ಯಾಯಸ್ಥಾನ.