ಸ್ಟ್ರಾಬೆರಿ: ತೋಟದಲ್ಲೇ ಹುಟ್ಟಿದ ಹಣ್ಣು

ಇಂದು ಮನೆಯಂಗಳದ ಕುಂಡಗಳಲ್ಲಿ ಬೆಳೆಯುವ ದಪ್ಪ ಸ್ಟ್ರಾಬೆರಿಗೆ ಕಾಡಿನ ತವರಿಲ್ಲ. ಅದು ಹದಿನೆಂಟನೆಯ ಶತಮಾನದ ಯೂರೋಪಿನ ತೋಟಗಳಲ್ಲಿ ಹುಟ್ಟಿದ್ದು. ಸ್ಪೇನಿನ ಕೋಟೆಗಳ ನಕ್ಷೆ ತೆಗೆಯಲು 1712ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ಫ್ರೆಂಚ್ ಎಂಜಿನಿಯರ್ ಫ್ರೆಜಿಯೆ, ಚಿಲಿಯ ಕಾನ್ಸೆಪ್ಸಿಯಾನ್ ಬಳಿಯ ಹೊಲಗಳಲ್ಲಿ ದೊಡ್ಡ ಹಣ್ಣಿನ ಗಿಡಗಳನ್ನು ಕಂಡ. 1714ರಲ್ಲಿ ಐದೇ ಗಿಡಗಳು ಜೀವ ಹಿಡಿದುಕೊಂಡು ಫ್ರಾನ್ಸ್ ಮುಟ್ಟಿದವು. ಹಡಗಿನಲ್ಲಿ ಕುಡಿಯುವ ನೀರಿಗೇ ತತ್ವಾರ. ಗಿಡಗಳಿಗೆ ನೀರು ಒದಗಿಸಿದ ಸರಕಿನ ಮೇಲ್ವಿಚಾರಕನಿಗೆ ಅವುಗಳಲ್ಲಿ ಎರಡು ಸಂದವು. ಇಷ್ಟೆಲ್ಲ ಮಾಡಿದರೂ ಅವು ಹೂಬಿಟ್ಟವೇ ಹೊರತು ಹಣ್ಣು ಕೊಡಲಿಲ್ಲ. ಬಂದವೆಲ್ಲ ಹೆಣ್ಣುಗಿಡಗಳು! ಉತ್ತರ ಅಮೆರಿಕದಿಂದ ಮೊದಲೇ ಬಂದಿದ್ದ ವರ್ಜೀನಿಯಾ ಸ್ಟ್ರಾಬೆರಿಯನ್ನು ಪಕ್ಕದಲ್ಲಿ ನೆಟ್ಟಾಗಲೇ ಅವಕ್ಕೆ ಪರಾಗ ದಕ್ಕಿದ್ದು.

ಇದೆಲ್ಲ ಬರೀ ಆಕಸ್ಮಿಕ ಎನ್ನುವವರುಂಟು. ಮೊದಲ ಬೆರಕೆಯ ಮಟ್ಟಿಗೆ ಒಪ್ಪೋಣ. ಆದರೆ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಪ್ಲುಗಾಸ್ತೆಲ್‌ನ ರೈತರು ಚಿಲಿಯ ಗಿಡದ ಸಾಲುಗಳ ನಡುವೆ ಬೇರೆ ಜಾತಿಯನ್ನು ಬೇಕೆಂದೇ ನೆಟ್ಟರು. ಇನ್ನೂ ಇಪ್ಪತ್ತು ತುಂಬದ ಫ್ರೆಂಚ್ ಸಸ್ಯವಿಜ್ಞಾನಿ ದುಷೇನ್ 1766ರ ತನ್ನ ಗ್ರಂಥದಲ್ಲಿ ಗಂಡು-ಹೆಣ್ಣು ಗಿಡಗಳ ಭೇದ ವಿವರಿಸಿ, ಹೊಸ ಸ್ಟ್ರಾಬೆರಿ ಅಮೆರಿಕದ ಆ ಎರಡು ಜಾತಿಗಳ ಸಂಕರವೆಂದು ಗುರುತಿಸಿದ. ಆಕಸ್ಮಿಕವನ್ನು ಕೃಷಿಯಾಗಿಸಿದ್ದು ಈ ಗಮನವೇ. ಹಾಗಾದರೆ ಕೀರ್ತಿಯೆಲ್ಲ ಫ್ರೆಂಚರದೇ? ಅಲ್ಲ. ಫ್ರೆಜಿಯೆ ಕಂಡ ದೊಡ್ಡ ಹಣ್ಣು ತಾನಾಗಿ ಬಂದದ್ದಲ್ಲ. ಯೂರೋಪಿನವರು ಕಾಲಿಡುವ ಬಹಳ ಮೊದಲೇ ಚಿಲಿಯ ಮೂಲನಿವಾಸಿಗಳಾದ ಮಾಪುಚೆ ಜನ ಅದನ್ನು ಆರಿಸಿ ಆರಿಸಿ ಬೆಳೆಸಿದ್ದರು. ಹೊತ್ತು ತಂದವನಿಗಿಂತ ಮುಂಚೆ ಹೆಸರಿಸಬೇಕಾದವರು ಅವರೇ.