ಲೋಯಿಸ್ ಲೇನಳಿಗೆ ತಿಳಿಸದ ಗುಟ್ಟು

ಚಿತ್ರಕಥೆಯ ಪುಸ್ತಕಗಳೆಂದರೆ ಹುಡುಗರ ಕಾಲಹರಣವೆಂದು ಹಿರಿಯರು ಮೂಗುಮುರಿಯುವುದು ವಾಡಿಕೆ. ಆದರೆ ಒಂದು ಕಾಲದ ಜನರು ತಮ್ಮ ಮಕ್ಕಳ ಕೈಗೆ ಎಂಥ ಕಥೆಗಳನ್ನು ಕೊಟ್ಟರೆಂಬುದೂ ಆ ಕಾಲದ ಇತಿಹಾಸವೇ ಅಲ್ಲವೇ? ಅಮೆರಿಕೆಯಲ್ಲಿ ಹುಟ್ಟಿ ಜಗತ್ತನ್ನೆಲ್ಲ ಸುತ್ತಿದ ಅತಿಮಾನುಷ ವೀರರ ಪ್ರತಾಪವನ್ನು ಕುರಿತು ಬೇಕಾದಷ್ಟು ಮಂದಿ ಬರೆದಿದ್ದಾರೆ. ಆ ವೀರರ ಪಕ್ಕದಲ್ಲಿ ನಿಂತಿದ್ದ ಸ್ತ್ರೀಯರ ಕಥೆಯನ್ನು ಸ್ಥೂಲವಾಗಿ ಅವಲೋಕಿಸಬೇಕೆಂಬುದು ನಮ್ಮ ಇಚ್ಛೆ.

ಕ್ಲೀವ್‌ಲೆಂಡ್ ನಗರದ ಇಬ್ಬರು ತರುಣರು, ಕಥೆಗಾರ ಜೆರ್ರಿ ಸೀಗಲ್ ಮತ್ತು ಚಿತ್ರಕಾರ ಜೋ ಶುಸ್ಟರ್, ತಮ್ಮ ‘ಸೂಪರ್‌ಮ್ಯಾನ್’ ಎಂಬ ವೀರನ ಹಕ್ಕನ್ನು 1938ರಲ್ಲಿ ಕೇವಲ 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಅದೇ ವರ್ಷದ ಜೂನ್ ತಿಂಗಳ ಹೆಸರಿನಲ್ಲಿ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಹೊರಬಂದಿತು. ವೀರನು ಹುಟ್ಟಿದ ಆ ಸಂಚಿಕೆಯಲ್ಲಿಯೇ ನಾಯಿಕೆಯೂ ಹುಟ್ಟಿದಳೆಂಬುದನ್ನು ವಾಚಕರು ಗಮನಿಸಬೇಕು. ಆಕೆಯೇ ಲೋಯಿಸ್ ಲೇನ್. ಪತ್ರಿಕಾ ಕಚೇರಿಯಲ್ಲಿ ದುಡಿದು ಸ್ವಂತ ಸಂಪಾದನೆಯಿಂದ ಬದುಕುವ ಹೆಣ್ಣು. ಸೂಪರ್‌ಮ್ಯಾನನು ಕ್ಲಾರ್ಕ್ ಕೆಂಟ್ ಎಂಬ ಅಂಜುಬುರುಕ ವರದಿಗಾರನ ವೇಷದಲ್ಲಿ ಅದೇ ಕಚೇರಿಯಲ್ಲಿರುತ್ತಾನೆ. ನೃತ್ಯಶಾಲೆಯಲ್ಲಿ ಪುಂಡನೊಬ್ಬನು ಅವಳನ್ನು ಕೆಣಕಿದಾಗ ಕ್ಲಾರ್ಕನು ಹೆದರಿದವನಂತೆ ನಟಿಸಿ ಹಿಂದೆ ಸರಿಯುತ್ತಾನೆ. ಲೋಯಿಸಳೋ ಆ ಪುಂಡನ ಕೆನ್ನೆಗೆ ಬಿಗಿದು, ಕ್ಲಾರ್ಕನನ್ನು ಹೇಡಿಯೆಂದು ಹಳಿದು ಹೊರಟುಹೋಗುತ್ತಾಳೆ. ಅಂದಿನ ಚಲನಚಿತ್ರಗಳಲ್ಲಿ ಟಾರ್ಚಿ ಬ್ಲೇನ್ ಎಂಬ ಚುರುಕು ವರದಿಗಾರ್ತಿಯ ಪಾತ್ರವು ಜನಪ್ರಿಯವಾಗಿದ್ದಿತು. ಲೋಯಿಸಳ ಕಲ್ಪನೆಗೆ ಅದು ಪ್ರೇರಣೆಯಾಯಿತೆಂದು ಸೀಗಲನೇ ಹೇಳಿದ್ದಾನೆ. ಶುಸ್ಟರನ ಎದುರು ಕುಳಿತು ಅವಳ ರೂಪಕ್ಕೆ ಮಾದರಿಯಾದ ಜೋಆನ್ ಕಾರ್ಟರ್ ಎಂಬ ತರುಣಿ ಮುಂದೆ 1948ರಲ್ಲಿ ಸೀಗಲನ ಪತ್ನಿಯಾದಳು.

ಇಂಥ ಧೀರೆಯ ಪಾಲಿಗೆ ಕಥೆಗಾರರು ಒಂದು ವಿಚಿತ್ರವಾದ ಕುರುಡನ್ನು ಬರೆದಿಟ್ಟರು. ಆಕೆ ಸೂಪರ್‌ಮ್ಯಾನನನ್ನು ಪ್ರೀತಿಸುತ್ತಾಳೆ, ಪಕ್ಕದ ಮೇಜಿನ ಕ್ಲಾರ್ಕನನ್ನು ತಿರಸ್ಕರಿಸುತ್ತಾಳೆ. ಇಬ್ಬರೂ ಒಬ್ಬನೇ ಎಂಬುದು ಓದುವ ಎಂಟು ವರ್ಷದ ಹುಡುಗನಿಗೆ ಗೊತ್ತು. ಊರಿನ ಗುಟ್ಟನ್ನೆಲ್ಲ ಬಯಲಿಗೆಳೆಯುವ ಈ ವರದಿಗಾರ್ತಿಗೆ ಮಾತ್ರ ಗೊತ್ತಿಲ್ಲ! ಹಾಗಾದರೆ ಇದು ಲೋಯಿಸಳ ದಡ್ಡತನವೇ? ಇತಿಹಾಸವು ಬೇರೆಯೇ ಉತ್ತರವನ್ನು ಕೊಡುತ್ತದೆ. 1940ರಲ್ಲಿ ಸೀಗಲನು ಒಂದು ದೀರ್ಘ ಕಥೆಯನ್ನು ಬರೆದನು. ಗಣಿಯೊಳಗೆ ಸಿಕ್ಕಿಬಿದ್ದ ಜನರನ್ನು ಉಳಿಸಲು ಕ್ಲಾರ್ಕನು ಲೋಯಿಸಳ ಕಣ್ಣೆದುರಿಗೇ ತನ್ನ ನಿಜರೂಪವನ್ನು ತೋರಬೇಕಾಗುತ್ತದೆ. ಆಕೆ ಮೊದಲು ಸಿಟ್ಟಾಗುತ್ತಾಳೆ. ಬಳಿಕ ಇಬ್ಬರೂ ಜೊತೆಗಾರರಾಗಿ ದುಡಿಯಲು ಒಪ್ಪುತ್ತಾರೆ. ಆ ಕಥೆಯನ್ನು ಪ್ರಕಾಶಕರು ಅಚ್ಚುಹಾಕಲೇ ಇಲ್ಲ. ಹಸ್ತಪ್ರತಿ ಪೆಟ್ಟಿಗೆ ಸೇರಿತು. ವೀರನು ಹುಟ್ಟಿ ಎರಡೇ ವರ್ಷಕ್ಕೆ ಅವನ ಕರ್ತೃವು ಲೋಯಿಸಳಿಗೆ ಸತ್ಯವನ್ನು ತಿಳಿಸಲು ಸಿದ್ಧನಾಗಿದ್ದನು, ಬೇಡವೆಂದದ್ದು ವ್ಯಾಪಾರ. ನಾಯಿಕೆಯ ಅಜ್ಞಾನವು ಅವಳ ಸ್ವಭಾವದಿಂದ ಬಂದದ್ದಲ್ಲ, ಅವಳ ಮೇಲೆ ಹೊರಿಸಿದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಷ್ಟರಲ್ಲಿ ಇನ್ನೊಂದು ಬಗೆಯ ಹೆಣ್ಣು ರಂಗಕ್ಕೆ ಬಂದಳು. ಮನಶ್ಶಾಸ್ತ್ರಜ್ಞನಾದ ವಿಲಿಯಂ ಮೌಲ್ಟನ್ ಮಾರ್ಸ್ಟನ್ನನು 1941ರ ಕೊನೆಯಲ್ಲಿ ‘ವಂಡರ್ ವುಮನ್’ ಎಂಬ ವೀರಾಂಗನೆಯನ್ನು ಸೃಷ್ಟಿಸಿದನು. ಚಿತ್ರ ಬರೆದವನು ಎಚ್. ಜಿ. ಪೀಟರ್. ಈಕೆ ಗಂಡಸರೇ ಇಲ್ಲದ ದ್ವೀಪದ ರಾಜಕುಮಾರಿ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಪ್ರಮೀಳೆಯ ಸ್ತ್ರೀರಾಜ್ಯವನ್ನು ಓದಿದವರಿಗೆ ಇಂಥ ನಾಡು ಅಪರಿಚಿತವೆನಿಸದು. ಇಲ್ಲಿ ಪ್ರೇಮದ ತಕ್ಕಡಿ ತಲೆಕೆಳಗಾಯಿತು. ಅಪಾಯಕ್ಕೆ ಸಿಕ್ಕುವವನು ಸ್ಟೀವ್ ಟ್ರೆವರ್ ಎಂಬ ಸೈನ್ಯಾಧಿಕಾರಿ, ಪಾರುಮಾಡುವವಳು ಹೆಣ್ಣು. ಕನ್ನಡಕ ಧರಿಸಿದ ಡಯಾನಾ ಪ್ರಿನ್ಸಳೇ ಅವಳೆಂಬುದು ಅವನಿಗೂ ತಿಳಿಯದು. ಆದರೂ ಕಾಲದ ಮುದ್ರೆ ಬೀಳದೆ ಹೋಗಲಿಲ್ಲ. 1942ರಲ್ಲಿ ಬೇರೊಬ್ಬ ಕಥೆಗಾರನ ಕೈಯಲ್ಲಿ ಈಕೆ ವೀರರ ಮಂಡಲಿಗೆ ಸೇರಿದಾಗ ಅವಳಿಗೆ ದೊರೆತ ಹುದ್ದೆ ಕಾರ್ಯದರ್ಶಿನಿಯದು! ಬೆಟ್ಟವನ್ನು ಎತ್ತಬಲ್ಲವಳ ಕೈಗೆ ಸಭೆಯ ಟಿಪ್ಪಣಿ ಪುಸ್ತಕವನ್ನು ಕೊಟ್ಟರು.

ಕಾಗದದ ಮೇಲಿನ ಹೆಣ್ಣಿನ ಗತಿ ಇದಾದರೆ, ಕಾಗದದ ಹಿಂದಿನ ಹೆಣ್ಣಿನ ಗತಿಯೂ ಬೇರೆಯಾಗಿರಲಿಲ್ಲ. ಗುಮಾಸ್ತಗಿರಿಯ ತರಬೇತಿ ಶಾಲೆಯೊಂದರಲ್ಲಿ ಮಾರ್ಸ್ಟನ್ನನು ಪಾಠ ಹೇಳುತ್ತಿದ್ದಾಗ ಅವನ ವಿದ್ಯಾರ್ಥಿನಿಯಾಗಿದ್ದ ಜಾಯ್ ಹಮ್ಮೆಲ್ ಎಂಬ ತರುಣಿ 1944ರಿಂದ 1947ರವರೆಗೆ ವಂಡರ್ ವುಮನ್ ಕಥೆಗಳನ್ನು ಬರೆದಳು. ಅಚ್ಚಾದ ಹೆಸರು ಮಾರ್ಸ್ಟನ್ನನ ಕಾವ್ಯನಾಮ. ಆಕೆಗೆ ಬಹಿರಂಗ ಪುರಸ್ಕಾರವೊಂದು ಸಂದದ್ದು 2018ರಲ್ಲಿ, ತೊಂಬತ್ತು ದಾಟಿದ ಮೇಲೆ. ಇನ್ನೊಬ್ಬಳು ಜೂನ್ ಟಾರ್ಪೆ ಮಿಲ್ಸ್. 1941ರ ಏಪ್ರಿಲಿನಲ್ಲಿ ‘ಮಿಸ್ ಫ್ಯೂರಿ’ ಎಂಬ ವೀರಾಂಗನೆಯನ್ನು ಪತ್ರಿಕೆಗಳಲ್ಲಿ ಚಿತ್ರಿಸತೊಡಗಿದ ಈಕೆ, ತಾನು ಹೆಣ್ಣೆಂದು ತಿಳಿಯಬಾರದೆಂದು ತನ್ನ ಹೆಸರಿನ ಮೊದಲ ಭಾಗವನ್ನೇ ಕೈಬಿಟ್ಟಳು. ಮುಖವಾಡವು ಕಥೆಯ ಪಾತ್ರಗಳಿಗೆ ಮಾತ್ರ ಬೇಕಾಗಿರಲಿಲ್ಲವೆಂದಾಯಿತು.

ಯುದ್ಧವು 1945ರಲ್ಲಿ ಮುಗಿಯಿತು. ಕಾರ್ಖಾನೆಗಳಿಗೆ ಹೋಗಿದ್ದ ಹೆಂಗಸರಲ್ಲಿ ಬಹುಮಂದಿ ಮನೆಗೆ ಮರಳಬೇಕಾಯಿತು; ಚಿತ್ರಕಥೆಯ ನಾಯಿಕೆಯರೂ ಅದೇ ದಾರಿ ಹಿಡಿದರು. ಈ ಪುಸ್ತಕಗಳಿಂದ ಮಕ್ಕಳು ಕೆಡುತ್ತಾರೆಂಬ ಕೂಗು 1954ರಲ್ಲಿ ಅಮೆರಿಕೆಯ ಸೆನೆಟ್ಟಿನವರೆಗೆ ಮುಟ್ಟಿದಾಗ ಪ್ರಕಾಶಕರು ತಾವೇ ಒಂದು ನಿಯಮಾವಳಿಯನ್ನು ರಚಿಸಿಕೊಂಡರು. ಹೆಂಗಸರ ಅಂಗಾಂಗಗಳನ್ನು ಅತಿಯಾಗಿ ಚಿತ್ರಿಸಬಾರದೆಂಬ ಒಳ್ಳೆಯ ನಿಯಮವೂ ಅದರಲ್ಲಿದ್ದಿತು. ಪ್ರೇಮಕಥೆಗಳು ಮನೆ ಮತ್ತು ವಿವಾಹದ ಹಿರಿಮೆಯನ್ನು ಎತ್ತಿಹಿಡಿಯಬೇಕೆಂಬ ಕಟ್ಟಳೆಯೂ ಇದ್ದಿತು. 1940ರಿಂದ ಬ್ಯಾಟ್‌ಮ್ಯಾನನನ್ನು ಕಾಡುತ್ತಿದ್ದ ಕ್ಯಾಟ್‌ವುಮನ್ ಹನ್ನೆರಡು ವರ್ಷಗಳ ಕಾಲ ಪುಟಗಳಿಂದಲೇ ಮಾಯವಾದಳು. 1956ರಲ್ಲಿ ಬಂದ ಬ್ಯಾಟ್‌ವುಮನ್ ಎಂಬವಳ ಆಯುಧಗಳು ವ್ಯಾನಿಟಿ ಬ್ಯಾಗಿನಲ್ಲಿದ್ದವು: ಸೀನು ಬರಿಸುವ ಮುಖದ ಪೌಡರು, ಕೈಕೋಳವಾಗುವ ಬಳೆ ಇತ್ಯಾದಿ. ಮೊದಲ ಕಥೆ ಮುಗಿಯುವಷ್ಟರಲ್ಲಿ ಬ್ಯಾಟ್‌ಮ್ಯಾನನು ಅವಳಿಗೆ ಬುದ್ಧಿ ಹೇಳಿ ಈ ಕೆಲಸವನ್ನು ಬಿಡಿಸುತ್ತಾನೆ. 1958ರಲ್ಲಿ ಲೋಯಿಸಳಿಗೆ ಅವಳದೇ ಪತ್ರಿಕೆ ಬಂದಿತಾದರೂ ಅದರ ಹೆಸರು ‘ಸೂಪರ್‌ಮ್ಯಾನನ ಗೆಳತಿ ಲೋಯಿಸ್ ಲೇನ್’. ಕೆನ್ನೆಗೆ ಬಿಗಿದಿದ್ದ ಆ ವರದಿಗಾರ್ತಿ ಈಗ ಗುಟ್ಟನ್ನು ಕದಿಯುವುದಕ್ಕೂ ಮದುವೆಗೆ ಒಪ್ಪಿಸುವುದಕ್ಕೂ ಹೂಟ ಹೂಡುತ್ತ, ಲಾನಾ ಲ್ಯಾಂಗ್ ಎಂಬವಳೊಡನೆ ಸವತಿಮತ್ಸರದಲ್ಲಿ ತೊಡಗಿದಳು. 1974ರವರೆಗೆ 137 ಸಂಚಿಕೆಗಳು ಹೀಗೆ ಬಂದವು. ಕೊನೆಕೊನೆಗೆ ಮಾತ್ರ ಅವಳು ಪುನಃ ವರದಿಗಾರ್ತಿಯಾಗತೊಡಗಿದಳು.

ಸೂಪರ್‌ಮ್ಯಾನನ ಮುಖ್ಯ ಕಥಾಮಾಲೆಯಲ್ಲಿ ಕ್ಲಾರ್ಕನು ತನ್ನ ಗುಟ್ಟನ್ನು ಲೋಯಿಸಳಿಗೆ ತಾನಾಗಿ ತಿಳಿಸಿದ್ದು 1991ರ ಸಂಚಿಕೆಯಲ್ಲಿ, ಮದುವೆ 1996ರಲ್ಲಿ. ಐವತ್ತಮೂರು ವರ್ಷಗಳ ಕಾಲ ಒಂದೇ ಕಚೇರಿಯಲ್ಲಿ ದುಡಿದವಳಿಗೆ ಸಲ್ಲಬೇಕಾದ ನಂಬಿಕೆ ಕಟ್ಟಕಡೆಗೆ ಸಂದಿತು!

ನಮ್ಮ ದೇಶದ ಮನೆಗಳಿಗೆ ಬಂದ ನಾಯಿಕೆ ಮಾತ್ರ ಬೇರೆ. 1964ರ ಮಾರ್ಚಿನಲ್ಲಿ ಮುಂಬಯಿಯಿಂದ ಆರಂಭವಾದ ‘ಇಂದ್ರಜಾಲ ಕಾಮಿಕ್ಸ್’ ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಮಾತ್ರವಲ್ಲದೆ ಮುಂದೆ ಕನ್ನಡದಲ್ಲಿಯೂ ಬಂದಿತು, 1990ರಲ್ಲಿ ನಿಂತಿತು. ಅದರ ಮುಖ್ಯ ವೀರ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್. ಅವನ ಪ್ರೇಯಸಿ ಡಯಾನಾ ಪಾಮರ್ 1936ರ ಮೊದಲ ಕಥೆಯಲ್ಲಿಯೇ ಗಂಡಸಿನೊಡನೆ ಮುಷ್ಟಿಯುದ್ಧದ ಅಭ್ಯಾಸ ಮಾಡುತ್ತಿದ್ದ ಹುಡುಗಿ. ಮುಂದೆ ವಿಶ್ವಸಂಸ್ಥೆಯ ಉದ್ಯೋಗಿ. ಅವಳೂ ಎಷ್ಟೋ ಸಲ ಸೆರೆ ಸಿಕ್ಕಿದಳು, ಮದುವೆಗಾಗಿ 1977ರವರೆಗೆ ಕಾದಳು. ಆದರೆ ಬೇರಾರೂ ಕಾಣಬಾರದ ಆ ಮುಖವಾಡದ ಹಿಂದಿನ ಮುಖವನ್ನು ಮದುವೆಗೆ ಎಷ್ಟೋ ಮುಂಚಿನಿಂದಲೇ ಬಲ್ಲವಳು. ಆದ್ದರಿಂದಲೇ ಅವರ ಪ್ರೇಮದಲ್ಲಿ ವಂಚನೆಯ ವಾಸನೆಯಿಲ್ಲ.

ಪರವೂರಿನಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಇಂದು ತಾಯಂದಿರೂ ಹೆಣ್ಣುಮಕ್ಕಳೂ ಬೆಳಗಿನ ರೈಲು ಹಿಡಿದು ದುಡಿಮೆಗೆ ಹೋಗುತ್ತಾರೆ. ಮನೆಯ ಸಾಲವೆಷ್ಟು, ಊರಿನ ಜಮೀನಿನ ವ್ಯವಹಾರ ಎಲ್ಲಿಗೆ ಬಂತು ಎಂಬ ಮಾತು ಬಂದಾಗ, ‘ನಿಮಗೇಕೆ ಆ ಚಿಂತೆ’ ಎಂದು ಅವರನ್ನು ಕತ್ತಲೆಯಲ್ಲಿಡುವ ಗಂಡಸರು ನಮ್ಮಲ್ಲಿಲ್ಲವೇ? ರಕ್ಷಿಸುತ್ತೇವೆಂಬ ಹೆಮ್ಮೆಯಲ್ಲಿ ನಾವೂ ಲೋಯಿಸಳ ಕಥೆಗಾರರಾಗುವುದುಂಟು. ಮಕ್ಕಳ ಕೈಯಲ್ಲಿ ಹಳೆಯ ಚಿತ್ರಕಥೆಯೊಂದು ಕಂಡರೆ ಕಿತ್ತುಕೊಳ್ಳುವುದು ಬೇಡ. ಪಕ್ಕದಲ್ಲಿ ಕುಳಿತು, ಈ ಹೆಣ್ಣಿಗೆ ಏನನ್ನು ತಿಳಿಸಿದ್ದಾರೆ, ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಕೇಳೋಣ, ಕನ್ನಡದಲ್ಲಿಯೇ ಕೇಳೋಣ. ಉತ್ತರವನ್ನು ಮಕ್ಕಳು ತಾವೇ ಹೇಳಿಯಾರು.