ಜೀಪೆಂಬ ನಾಮಪದ: ವಿಲ್ಲಿಸ್ ಸಂಸ್ಥೆಯ ಚರಿತ್ರೆಯೂ ಬೀಚನಹಳ್ಳಿ ಸೀಮೆಯ ಒಡೆಯರ ಅಭಿಪ್ರಾಯಗಳೂ

ಹೆಗ್ಗಡದೇವನಕೋಟೆಯಿಂದ ಅಂತರಸಂತೆಯ ಮಾರ್ಗವಾಗಿ ಕಾಕನಕೋಟೆಯ ಕಾಡಿನತ್ತ ಸಾಗುವ ದಾರಿಯಲ್ಲಾಗಲಿ, ಕಪಿಲೆಗೆ ಅಣೆಕಟ್ಟು ಬಿದ್ದಿರುವ ಬೀಚನಹಳ್ಳಿ ಬಿದರಹಳ್ಳಿಗಳ ಆಸುಪಾಸಿನಲ್ಲಾಗಲಿ, ಹಳೆಯ ಜೀಪಿನ ಒಡೆಯನೊಬ್ಬನನ್ನು ಕಂಡು ಅದು ಯಾವ ಕಂಪನಿಯದೆಂದು ಕೇಳಿದರೆ ಆತನು ಉತ್ತರ ಕೊಡುವ ಮೊದಲು ಕೇಳಿದವನ ಮುಖವನ್ನೊಮ್ಮೆ ನೋಡುವನು. ಜೀಪಿಗೆ ಜೀಪೆಂಬುದಲ್ಲದೆ ಬೇರೊಂದು ಗೋತ್ರಸೂತ್ರವುಂಟೆಂಬುದು ಆತನ ವ್ಯವಹಾರದಲ್ಲಿ ಬರುವ ಮಾತಲ್ಲ. ಅದೇ ಮನುಷ್ಯನನ್ನು ಎಂಜಿನ್ ಯಾವುದೆಂದು ಕೇಳಿದೊಡನೆ ಮಾತು ಹೊಳೆಯಂತೆ ಹರಿಯತೊಡಗುತ್ತದೆ. ಪೆಟ್ರೋಲಿನದೋ ಡೀಸೆಲಿನದೋ, ಡೀಸೆಲಾದರೆ ಇಂಟರ್‌ನ್ಯಾಷನಲ್ಲೋ ಪ್ಯೂಜೊವೋ, ಗೇರು ಮೂರೋ ನಾಲ್ಕೋ, ಮುಂದಿನ ಹೌಸಿಂಗ್ ಇದೆಯೋ ಕಳಚಿಸಿದೆಯೋ ಎಂಬೀ ವಿವರಗಳಲ್ಲಿ ಆತನು ಪಂಡಿತನು. ಈ ಉದಾಸೀನವನ್ನು ಗ್ರಾಮೀಣರ ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ಆದರೆ ಜೀಪನ್ನು ನಿರ್ಮಿಸಿದ ಅಮೆರಿಕದ ಸಂಸ್ಥೆಯ ಚರಿತ್ರೆಯನ್ನು ಆಮೂಲಾಗ್ರವಾಗಿ ಪರಿಶೀಲಿಸಿದಲ್ಲಿ, ಆ ಸಂಸ್ಥೆಯು ತನ್ನ ಜಾಹೀರಾತುಗಳಲ್ಲಿ ಸಾರಿಕೊಂಡ ಕಥೆಗಿಂತ ಈ ಒಡೆಯರ ಉದಾಸೀನವೇ ಸತ್ಯಕ್ಕೆ ಹೆಚ್ಚು ಸಮೀಪವಾಗಿರುವುದೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾ ಎಂಬ ಊರಿನಲ್ಲಿ ಮೋಟಾರುಗಳನ್ನು ಮಾರುತ್ತಿದ್ದ ಜಾನ್ ನಾರ್ತ್ ವಿಲ್ಲಿಸ್ ಎಂಬಾತನು, 1907ರ ಹಣಕಾಸಿನ ಮುಗ್ಗಟ್ಟಿನಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಓವರ್‌ಲ್ಯಾಂಡ್ ಕಾರ್ಖಾನೆಯನ್ನು, ತಾನು ಮುಂಗಡ ಕೊಟ್ಟಿದ್ದ ಕಾರುಗಳಾದರೂ ಕೈಗೆ ಬರಲೆಂಬ ಹಂಬಲದಿಂದ ವಹಿಸಿಕೊಂಡು, ಓಹೈಯೋ ಸಂಸ್ಥಾನದ ಟೊಲೀಡೋ ನಗರದಲ್ಲಿ ನೆಲೆಗೊಳಿಸಿ, 1912ರಲ್ಲಿ ಅದಕ್ಕೆ ವಿಲ್ಲಿಸ್-ಓವರ್‌ಲ್ಯಾಂಡ್ ಎಂದು ನಾಮಕರಣ ಮಾಡಿದನು. ಅಲ್ಲಿಂದ 1918ರವರೆಗೆ ಅಮೆರಿಕದಲ್ಲಿ ಫೋರ್ಡನ್ನು ಬಿಟ್ಟರೆ ಅತಿ ಹೆಚ್ಚು ಕಾರುಗಳನ್ನು ತಯಾರಿಸಿದ ಸಂಸ್ಥೆ ಅದೇ. ವಿಲ್ಲಿಸನು ವ್ಯಾಪಾರವನ್ನು ಬಿಟ್ಟು 1930ರಲ್ಲಿ ಪೋಲೆಂಡಿಗೆ ತನ್ನ ದೇಶದ ರಾಯಭಾರಿಯಾಗಿ ಹೋದನು. 1933ರಲ್ಲಿ ಸಂಸ್ಥೆಯು ನ್ಯಾಯಾಲಯದ ಆಡಳಿತಕ್ಕೆ ಒಳಪಟ್ಟಿತು. 1935ರಲ್ಲಿ ಆತನು ತೀರಿಕೊಂಡನು. ಜೀಪು ಎಂಬುದನ್ನು ವಿಲ್ಲಿಸನು ಕಣ್ಣಿನಿಂದ ಕಂಡವನೂ ಅಲ್ಲ, ಕಿವಿಯಿಂದ ಕೇಳಿದವನೂ ಅಲ್ಲ.

ಜೀಪಿನ ಜನನವೃತ್ತಾಂತವು ಇದಕ್ಕಿಂತ ವಿಚಿತ್ರವಾದುದು. ಯೂರೋಪಿನಲ್ಲಿ ಯುದ್ಧವು ಹಬ್ಬುತ್ತಿದ್ದ 1940ರಲ್ಲಿ ಅಮೆರಿಕದ ಸೈನ್ಯವು, ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಹಗುರವಾದ ಗಾಡಿಯೊಂದು ಬೇಕೆಂದು 135 ತಯಾರಕರಿಗೆ ಕರೆ ಕಳುಹಿಸಿ, ಮಾದರಿಯನ್ನು ಒಪ್ಪಿಸಲು 49 ದಿನಗಳ ಗಡುವನ್ನು ವಿಧಿಸಿತು. ಗಡುವಿನೊಳಗೆ ಮಾದರಿಯನ್ನು ಒಪ್ಪಿಸಿದುದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆ; ನಕ್ಷೆಯನ್ನು ರಚಿಸಿದವನು ಕಾರ್ಲ್ ಪ್ರಾಬ್‌ಸ್ಟ್. 1940ರ ಸೆಪ್ಟೆಂಬರ್ 23ರಂದು ಅದು ಹೋಲಾಬರ್ಡ್ ಶಿಬಿರವನ್ನು ತಲಪಿತು. ಆ ಬಡ ಸಂಸ್ಥೆಯಿಂದ ಲಕ್ಷೋಪಲಕ್ಷ ಗಾಡಿಗಳನ್ನು ಪೂರೈಸಲಾಗದೆಂದು ಬಗೆದ ಸೈನ್ಯವು ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳನ್ನೂ ಕಣಕ್ಕೆ ಇಳಿಸಿತು. ವಿಲ್ಲಿಸ್ ಸಂಸ್ಥೆಯ ಎಂಜಿನಿಯರ್ ಬಾರ್ನಿ ರೂಸ್ 134 ಘನ ಅಂಗುಲದ, 60 ಅಶ್ವಶಕ್ತಿಯ ಎಂಜಿನ್ನನ್ನು ಸಿದ್ಧಪಡಿಸಿದ್ದನು, ಉಳಿದಿಬ್ಬರ ಎಂಜಿನ್ನುಗಳಿಗಿಂತ ಅದು ಬಲವಾದುದು. ಆದರೆ ಗಾಡಿಯು ಸೈನ್ಯದವರು ವಿಧಿಸಿದ್ದ 2,160 ಪೌಂಡುಗಳ ಮಿತಿಯನ್ನು ಮೀರಿ ತೂಗುತ್ತಿದ್ದುದರಿಂದ, ಬೋಲ್ಟುಗಳ ಉದ್ದವನ್ನು ಮೊಟಕುಗೊಳಿಸಿ, ಬಣ್ಣದ ಲೇಪವನ್ನು ಸಹ ತೆಳುವಾಗಿಸಿ ತೂಕವನ್ನು ಇಳಿಸಿದರೆಂಬ ಪ್ರತೀತಿಯುಂಟು. ಯುದ್ಧ ಮುಗಿಯುವ ವೇಳೆಗೆ ವಿಲ್ಲಿಸ್ ಸುಮಾರು 3,60,000, ಫೋರ್ಡ್ ಸುಮಾರು 2,80,000 ಗಾಡಿಗಳನ್ನು ತಯಾರಿಸಿದ್ದವು. ಮೊದಲು ರೂಪು ಕೊಟ್ಟ ಬ್ಯಾಂಟಮ್ಮಿನ ಪಾಲಿಗೆ ಬಂದುದು ಮೂರು ಸಾವಿರಕ್ಕೂ ಕಡಿಮೆ.

ಒಂದು ಸಣ್ಣ ವಿವರದ ಬಳಿ ಇಲ್ಲಿ ಕೊಂಚ ನಿಲ್ಲಬೇಕಾಗಿದೆ. ಜೀಪನ್ನು ದೂರದಿಂದಲೇ ಗುರುತಿಸಲು ಸಾಧ್ಯವಾಗುವುದು ಅದರ ಮುಖದಿಂದ, ಎಂದರೆ ಎರಡು ದುಂಡು ದೀಪಗಳ ನಡುವಿನ ಸೀಳುಸೀಳಾದ ತಗಡಿನಿಂದ. ವಿಲ್ಲಿಸ್ ಸಂಸ್ಥೆಯ ಮೊದಲ ಗಾಡಿಗಳಲ್ಲಿ ಆ ಸ್ಥಳದಲ್ಲಿದ್ದುದು ಬೆಸೆದ ಕಬ್ಬಿಣದ ಪಟ್ಟಿಗಳು. ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಸೀಳುಗಳನ್ನು ತೆಗೆಯುವ ಅಗ್ಗದ ಉಪಾಯವನ್ನು ಕಂಡುಕೊಂಡವರು ಫೋರ್ಡಿನವರು. ಹೀಗೆ ಒಬ್ಬನ ನಕ್ಷೆ, ಇನ್ನೊಬ್ಬನ ಎಂಜಿನ್, ಮತ್ತೊಬ್ಬನ ಮುಖ. ಜೀಪಿನ ಪಿತೃತ್ವವನ್ನು ನಿರ್ಣಯಿಸಹೊರಟವನು ಕರ್ಣನ ಕುಲವನ್ನು ವಿಚಾರಿಸಿದವರ ಸ್ಥಿತಿಗೆ ಬರುವನು. ಇಷ್ಟಾದರೂ ಯುದ್ಧಕಾಲದ ಜಾಹೀರಾತುಗಳಲ್ಲಿ ಜೀಪಿನ ಸೃಷ್ಟಿಕರ್ತರು ತಾವೇ ಎಂದು ವಿಲ್ಲಿಸ್ ಸಂಸ್ಥೆಯು ಘೋಷಿಸಿಕೊಳ್ಳಲಾಗಿ, ಅಮೆರಿಕದ ಕೇಂದ್ರ ವ್ಯಾಪಾರ ಆಯೋಗವು ವಿಚಾರಣೆ ನಡೆಸಿ, ಆ ಘೋಷಣೆಯು ಜನರನ್ನು ತಪ್ಪುದಾರಿಗೆಳೆಯುವುದೆಂದು 1948ರಲ್ಲಿ ತೀರ್ಪಿತ್ತಿತು. ಎರಡೇ ವರ್ಷಗಳಲ್ಲಿ, 1950ರಲ್ಲಿ, ಜೀಪೆಂಬ ಹೆಸರು ಅದೇ ಸಂಸ್ಥೆಯ ವ್ಯಾಪಾರಮುದ್ರೆಯಾಗಿ ದಾಖಲಾಯಿತು! ಸೃಷ್ಟಿಸಿದವರು ನೀವಲ್ಲ, ಆದರೂ ಹೆಸರು ನಿಮ್ಮದಿರಲಿ ಎಂಬ ಈ ವ್ಯವಸ್ಥೆಯಲ್ಲಿನ ನ್ಯಾಯವನ್ನು ಕಾನೂನು ಬಲ್ಲವರೇ ವಿವರಿಸಬೇಕು.

ಹೆಸರಿನ ವ್ಯುತ್ಪತ್ತಿಯೂ ವಿವಾದಾಸ್ಪದವೇ. ಫೋರ್ಡಿನವರ ಸಂಕೇತಾಕ್ಷರಗಳಾದ ಜಿ-ಪಿ ಎಂಬುದರಿಂದ ಬಂದಿತೆಂದು ಕೆಲವರು. 1936ರಲ್ಲಿ ಪಾಪಾಯ್ ಚಿತ್ರಮಾಲಿಕೆಯಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ನುಸುಳಬಲ್ಲ ಜೀಪ್ ಎಂಬ ವಿಚಿತ್ರಪ್ರಾಣಿಯಿಂದ ಸೈನಿಕರು ಎತ್ತಿಕೊಂಡರೆಂದು ಹಲವರು. ಕನ್ನಡದಲ್ಲಾದರೋ ವಿವಾದಕ್ಕೆ ಎಡೆಯಿಲ್ಲ. ವ್ಯಂಜನಾಂತವಾದ ಅನ್ಯದೇಶ್ಯ ಪದಗಳಿಗೆ ಉಕಾರವನ್ನು ಹಚ್ಚುವ ನಮ್ಮ ಭಾಷೆಯು, ಹ್ರಸ್ವದ ಮುಂದೆ ವ್ಯಂಜನವನ್ನು ಇಮ್ಮಡಿಸಿ ಬಸ್ಸು ಎಂದೂ, ದೀರ್ಘದ ಮುಂದೆ ಇಮ್ಮಡಿಸದೆ ಕಾರು, ಜೀಪು ಎಂದೂ ಮಾಡಿಕೊಂಡಿದೆ. ವಿಭಕ್ತಿ ಹತ್ತಿದ ಮೇಲೆ ವ್ಯಾಪಾರಮುದ್ರೆಯ ಗುರುತು ಎಲ್ಲಿ ಉಳಿಯಬೇಕು? ಟೊಲೀಡೋದ ಅಂಕಿತನಾಮವು ಕೋಟೆ ಸೀಮೆಯಲ್ಲಿ ರೂಢನಾಮವಾಯಿತು.

ಭಾರತಕ್ಕೆ ಜೀಪು ಬಂದ ಬಗೆಯನ್ನು ಹೇಳುವ ಮುನ್ನ, ಮೈಸೂರು ಸಂಸ್ಥಾನಕ್ಕೆ ಅಮೆರಿಕದ ಮೋಟಾರು ಉದ್ಯಮವು ಬರಲಿದ್ದು ತಪ್ಪಿಹೋದ ಪ್ರಸಂಗವನ್ನು ಸ್ಮರಿಸದಿರಲಾಗದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯಭಾಗದಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸ್ವತಃ ಕಂಡುಬಂದು ಸ್ವದೇಶಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಅದರ ಜಾಡಿನಲ್ಲಿ ನಡೆದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಕ್ರೈಸ್ಲರ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ಬೆಂಗಳೂರಿನಲ್ಲಿ ಅದನ್ನು ಸ್ಥಾಪಿಸಲು ಮೈಸೂರು ಸರ್ಕಾರವು ಒಲವು ತೋರಿದರೂ ಬ್ರಿಟಿಷ್ ಭಾರತ ಸರ್ಕಾರದ ಸಮ್ಮತಿಯು ದೊರೆಯಲಿಲ್ಲ. ವಾಲ್‌ಚಂದರು ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆಯನ್ನು ಹೂಡಿದರು. ಮೋಟಾರು ಕಾರ್ಖಾನೆ ಪ್ರೀಮಿಯರ್ ಎಂಬ ಹೆಸರಿನಿಂದ ಮುಂಬಯಿಯ ಪಾಲಾಯಿತು.

ಜೀಪಿನ ದಾರಿಯೂ ಮುಂಬಯಿಯದೇ. ಯುದ್ಧಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದ ಕೆ. ಸಿ. ಮಹೀಂದ್ರರು, ಅವರ ಅಣ್ಣ ಜೆ. ಸಿ. ಮಹೀಂದ್ರರು ಮತ್ತು ಗುಲಾಮ್ ಮೊಹಮ್ಮದರು ಸೇರಿ 1945ರಲ್ಲಿ ಸ್ಥಾಪಿಸಿದ ವ್ಯಾಪಾರಸಂಸ್ಥೆಯು, ಮೂರನೆಯವರು ಪಾಕಿಸ್ತಾನದ ಅರ್ಥಸಚಿವರಾಗಿ ಹೋದ ತರುವಾಯ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎನಿಸಿತು. ಬಿಡಿಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳ ಜೋಡಣೆಯು 1949ರಲ್ಲಿ ಮುಂಬಯಿಯ ಮಝಗಾಂವಿನಲ್ಲಿ ಆರಂಭವಾಯಿತು. ಕಾಲಕ್ರಮೇಣ ಸಿಜೆ-3ಬಿ ಎಂಬ ಮಾದರಿಯನ್ನು ಬಹುಪಾಲು ಇಲ್ಲಿಯೇ ತಯಾರಿಸತೊಡಗಿದರು. ಎತ್ತರದ ಎಂಜಿನ್ನನ್ನು ಅಡಗಿಸಲು ಬಾನೆಟ್ಟನ್ನು ಮೇಲೇರಿಸಿದ ಈ ಗೂನುಬೆನ್ನಿನ ರೂಪವೇ ನಮ್ಮವರ ಮನಸ್ಸಿನಲ್ಲಿ ನೆಲೆಸಿರುವ ಜೀಪು.

ನಮ್ಮ ಸೀಮೆಗೆ ಅದು ಬಂದುದು ಸರ್ಕಾರದ ಸವಾರಿಯಾಗಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯು ಪ್ರಾರಂಭವಾದಾಗ ಬ್ಲಾಕಿನ ಅಧಿಕಾರಿಗೂ ಜೀಪಿಗೂ ಅವಿನಾಭಾವ ಸಂಬಂಧವು ಏರ್ಪಟ್ಟಿತು. ಅರಣ್ಯ, ಪೊಲೀಸು, ಲೋಕೋಪಯೋಗಿ ಇಲಾಖೆಗಳು ಹಿಂದೆ ಬೀಳಲಿಲ್ಲ. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟಿನ ಕಾಮಗಾರಿ 1959ರಲ್ಲಿ ಮೊದಲಾಗಿ 1974ರಲ್ಲಿ ಮುಗಿಯಿತು. ಸುಮಾರು 19.52 ಟಿಎಂಸಿ ನೀರನ್ನು ಹಿಡಿಯುವ, ಸಮುದ್ರಮಟ್ಟದಿಂದ 2,284 ಅಡಿಗಳ ಗರಿಷ್ಠ ಮಟ್ಟವುಳ್ಳ ಈ ಜಲಾಶಯವನ್ನು ಕಟ್ಟಿದ ಹದಿನೈದು ವರ್ಷಗಳು, ಮಳೆಗಾಲದಲ್ಲಿ ಎತ್ತಿನ ಗಾಡಿಯೂ ಹೂತುಹೋಗುತ್ತಿದ್ದ ಹಾದಿಗಳಲ್ಲಿ ಜೀಪು ತನ್ನ ಸತ್ತ್ವವನ್ನು ತೋರಿದ ವರ್ಷಗಳು ಸಹ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆದು, ಆನೆ ಹಿಡಿಯುತ್ತಿದ್ದ ನೆಲವು ಹಿನ್ನೀರಿನಲ್ಲಿ ಮುಳುಗಿತು. ಹಳತಾದ ಸರ್ಕಾರಿ ಜೀಪುಗಳು ಹರಾಜಿನಲ್ಲಿ ಖಾಸಗಿಯವರ ಅಂಗಳವನ್ನು ಸೇರಿದ ಮೇಲೆಯೇ ಒಡೆಯರ ಅಭಿಪ್ರಾಯವೆಂಬುದು ಹುಟ್ಟಿತೆನ್ನಬೇಕು. ಇಲಾಖೆಯ ಜೀಪಿಗೆ ಸವಾರನಿರುವನೇ ಹೊರತು ಒಡೆಯನಿರುವುದಿಲ್ಲ.

ಈ ಅಭಿಪ್ರಾಯಗಳು ಗ್ರಂಥಸ್ಥವಾದವುಗಳಲ್ಲ. ಹುಣಸೂರಿನ ಗ್ಯಾರೇಜುಗಳಲ್ಲಿ, ಹೊಗೆಸೊಪ್ಪಿನ ಹರಾಜು ಕಟ್ಟೆಗಳ ಹೊರಗಿನ ಚಹಾದಂಗಡಿಗಳಲ್ಲಿ, ಪಿರಿಯಾಪಟ್ಟಣದಿಂದ ಕೊಡಗಿಗೆ ಏರುವ ದಾರಿಯ ತಂಗುದಾಣಗಳಲ್ಲಿ ಬಾಯಿಂದ ಬಾಯಿಗೆ ಸಾಗುವಂಥವು. ಎಲ್ಲರೂ ಒಪ್ಪುವ ಗುಣ ಒಂದುಂಟು: ಜೀಪು ಹತ್ತದ ದಿಬ್ಬವಿಲ್ಲ. ಕೇವಲ 80 ಅಂಗುಲಗಳ ಅಂತರದಲ್ಲಿ ನಿಂತ ಚಕ್ರಗಳು, ಬೇಕೆಂದಾಗ ಮುಂದಿನ ಚಕ್ರಗಳಿಗೂ ಬಲವನ್ನು ಹರಿಸುವ ಸನ್ನೆ, ನಡಿಗೆಯ ವೇಗದಲ್ಲಿ ಭಾರವನ್ನೆಳೆಯುವ ಲೋ ಗೇರು, ಇವುಗಳಿಂದಾಗಿ ಕೆಂಪುಮಣ್ಣಿನ ಕೆಸರಿನಿಂದಲೂ ಹಳ್ಳದ ಮರಳಿನಿಂದಲೂ ಅದು ಪಾರಾಗಿ ಬರುತ್ತದೆ. ಎರಡನೆಯ ಗುಣವು ಇದಕ್ಕಿಂತ ಹಿರಿದೆಂದು ಅನುಭವಿಗಳ ಮತ: ಕೆಟ್ಟರೆ ಕೆಟ್ಟಲ್ಲಿಯೇ ರಿಪೇರಿ ಮಾಡಬಹುದು. ಬಾನೆಟ್ಟನ್ನು ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಬ್ಯಾಟರಿ ಸತ್ತಿದ್ದರೆ ಹ್ಯಾಂಡಲ್ ಹೊಡೆದು ಚಾಲೂ ಮಾಡಬಹುದು. ಮುರಿದ ಸ್ಪ್ರಿಂಗ್ ಪಟ್ಟೆಯನ್ನು ಊರಿನ ಕಮ್ಮಾರನೂ ಒಂದು ಮಟ್ಟಿಗೆ ಸರಿಪಡಿಸಬಲ್ಲನು.

ದೋಷಗಳ ಪಟ್ಟಿಯೂ ಅಷ್ಟೇ ನಿಷ್ಠುರವಾದುದು. ಪೆಟ್ರೋಲಿನ ಜೀಪು ಎಷ್ಟು ಹಾಕಿದರೂ ಕುಡಿಯುತ್ತದೆ. ಮೊದಲನೆಯ ಗೇರಿಗೆ ಇಳಿಸಬೇಕಾದಾಗ ಗಾಡಿಯನ್ನು ನಿಲ್ಲಿಸಬೇಕು, ಇಲ್ಲವೇ ಎರಡು ಬಾರಿ ಕ್ಲಚ್ಚನ್ನು ತುಳಿಯುವ ಕೌಶಲವಿರಬೇಕು. ಹಿಂದೆ ಮುಂದೆ ಎರಡೂ ಕಡೆ ಪಟ್ಟೆಯ ಸ್ಪ್ರಿಂಗುಗಳೇ ಇರುವುದರಿಂದ ಸೊಂಟಕ್ಕೆ ಸುಖವಿಲ್ಲ. ಟಾರ್ಪಾಲಿನ ಹೊದಿಕೆ ಬಿಸಿಲನ್ನು ತಡೆದೀತು, ಮಳೆಯ ಇರಿಚಲನ್ನು ತಡೆಯದು. ಇಲ್ಲಿ ಒಂದು ಮಾತು. ಜೀಪನ್ನು ಹೊಗಳುವವರು ಸಾಮಾನ್ಯವಾಗಿ ಸ್ಟೇರಿಂಗ್ ಹಿಡಿದವರು. ಹಿಂದಿನ ಎದುರುಬದುರು ಪಟ್ಟಿಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ, ಹಿಂದಿನಿಂದ ನುಗ್ಗುವ ಧೂಳನ್ನೆಲ್ಲ ಸೆರಗಿನಿಂದ ತಡೆಯುತ್ತ ಸಂತೆಗೂ ಮದುವೆಗೂ ಹೋಗಿಬಂದ ಹೆಂಗಸರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ಕೇಳಿದ್ದರೆ ಈ ಲೇಖನದ ಧಾಟಿಯು ಬೇರೆಯಾಗುತ್ತಿತ್ತೋ ಏನೋ.

ಯುದ್ಧಾನಂತರ, 1945ರಲ್ಲಿ, ನಾಗರಿಕ ಜೀಪನ್ನು ಮಾರುಕಟ್ಟೆಗೆ ತಂದಾಗ ಅದು ಉಳುವ ಯಂತ್ರವೂ ಹೌದು, ಹೊರುವ ಗಾಡಿಯೂ ಹೌದೆಂದು ವಿಲ್ಲಿಸ್ ಸಂಸ್ಥೆಯು ರೈತರಿಗೆ ಸಾರಿತ್ತು. ನಮ್ಮ ರೈತರು ಈ ಮಾತಿಗೆ ಕಿವಿಗೊಡಲಿಲ್ಲ. ಉಳುಮೆಗೆ ಎತ್ತು, ಎತ್ತಿನ ತರುವಾಯ ಟ್ರ್ಯಾಕ್ಟರು. ಜೀಪಿಗೆ ಅವರು ಕೊಟ್ಟ ಕೆಲಸ ಜನರನ್ನು ಹೊರುವುದು, ಅದೂ ನಿರ್ಮಾತೃಗಳು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಜನರನ್ನು. 1973ರ ತೈಲಸಂಕಟದ ತರುವಾಯ ಪೆಟ್ರೋಲು ತುಟ್ಟಿಯಾಗಲು, ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮೂಲದ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನೇ ಜೀಪಿಗೆ ಅಳವಡಿಸಿದರು. 1979ರಲ್ಲಿ ಫ್ರಾನ್ಸಿನ ಪ್ಯೂಜೊ ಸಂಸ್ಥೆಯ ಡೀಸೆಲ್ ಎಂಜಿನ್ನಿಗೆ ಪರವಾನಗಿ ಪಡೆದರು. ಅಮೆರಿಕದ ಒಡಲು, ಟ್ರ್ಯಾಕ್ಟರಿನ ಇಲ್ಲವೆ ಫ್ರಾನ್ಸಿನ ಎದೆ, ಮುಂಬಯಿಯ ಕೈಗೆಲಸ: ಇಂಥದಕ್ಕೆ ಎಂಜಿನ್ನಿನ ಹೆಸರಿನಿಂದ ಗುರುತು ಹೇಳುವ ಕ್ರಮಕ್ಕಿಂತ ಶಾಸ್ತ್ರೀಯವಾದ ವರ್ಗೀಕರಣವು ಇನ್ನಾವುದಿದ್ದೀತು?

ಅತ್ತ ಮೂಲಸಂಸ್ಥೆಯು ಕೈಯಿಂದ ಕೈಗೆ ಬದಲಾಯಿತು. 1953ರಲ್ಲಿ ಕೈಸರ್, 1970ರಲ್ಲಿ ಅಮೆರಿಕನ್ ಮೋಟರ್ಸ್, 1987ರಲ್ಲಿ ಬೆಂಗಳೂರಿಗೆ ಬರಬೇಕಾಗಿದ್ದ ಅದೇ ಕ್ರೈಸ್ಲರ್, ಅದರ ಮೇಲೆ ಜರ್ಮನರು, ಇಟಲಿಯವರು, 2021ರಿಂದ ಸ್ಟೆಲ್ಲಾಂಟಿಸ್. ಪ್ರತಿಯೊಬ್ಬರೂ ಕೊಂಡದ್ದು ಪ್ರಧಾನವಾಗಿ ಹೆಸರನ್ನು. ಮಹೀಂದ್ರದವರು ಹಳೆಯ ಜೀಪಿನ ವಂಶದ ರೋಕ್ಸರ್ ಎಂಬ ಗಾಡಿಯನ್ನು ಅಮೆರಿಕದಲ್ಲಿ ಮಾರಲು ಹೊರಟಾಗ, 2018ರಲ್ಲಿ ಜೀಪಿನ ಅಂದಿನ ಒಡೆಯರು ದೂರು ಹೂಡಿದರು. ಅದರ ರೂಪವು ಜೀಪಿನದನ್ನು ಅನುಕರಿಸುವುದೆಂದು ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗವು 2020ರ ಜೂನ್ ತಿಂಗಳಲ್ಲಿ ತೀರ್ಮಾನಿಸಿತು. ಮುಖವನ್ನು ಬದಲಿಸಿದ ಮೇಲೆ ಡಿಸೆಂಬರಿನಲ್ಲಿ ಮಾರಾಟಕ್ಕೆ ಅನುಮತಿಯಿತ್ತಿತು. ವಿಲ್ಲಿಸ್ ಪರವಾನಗಿಯಿಂದ ಹುಟ್ಟಿದ ಗಾಡಿಯು, ಮೂಲದಲ್ಲಿ ಫೋರ್ಡಿನವರು ತಗಡಿನಲ್ಲಿ ಒತ್ತಿದ ಮುಖವನ್ನು ಹೋಲುವ ಅಪರಾಧಕ್ಕಾಗಿ, ಆ ಎರಡೂ ಅಲ್ಲದ ಮೂರನೆಯ ಸಂಸ್ಥೆಯಿಂದ ದೂರಿಗೆ ಗುರಿಯಾದುದು ಹೀಗೆ.

ಕಾರಾಪುರದ ಬಳಿ ಕಬಿನಿಯ ಹಿನ್ನೀರಿನ ಅಂಚಿನಲ್ಲಿ ಪ್ರವಾಸಿಗಳನ್ನು ಕಾಡಿಗೆ ಕರೆದೊಯ್ಯುವ ತೆರೆದ ಗಾಡಿಗಳನ್ನು, ಅವು ಯಾರ ಕಾರ್ಖಾನೆಯವಾದರೂ, ಜನರು ಇಂದಿಗೂ ಜೀಪೆಂದೇ ಕರೆಯುವರು. ಪದವು ಉಳಿದಿದೆ, ಹಳೆಯ ಗಾಡಿಗಳು ಗುಜರಿಗೆ ಹೋಗುತ್ತಿವೆ, ಅವುಗಳೊಡನೆ ಕಾಗದಪತ್ರಗಳೂ. ಅಣೆಕಟ್ಟಿನ ಕಾಲದ ಲಾಗ್ ಪುಸ್ತಕವೋ, ಹರಾಜಿನ ರಸೀದಿಯೋ, ಎಂಜಿನ್ ಬದಲಿಸಿದ ಷರಾ ಇರುವ ಆರ್‌ಸಿ ಪುಸ್ತಕವೋ, ಗ್ಯಾರೇಜಿನ ಬಿಲ್ಲೋ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ದಯಮಾಡಿ ಅದನ್ನು ರದ್ದಿಗೆ ಹಾಕದೆ ಮೈಸೂರಿನ ಯಾವುದಾದರೊಂದು ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ಈ ಸೀಮೆಯ ಓದುಗರಲ್ಲಿ ವಿನಂತಿ.